ಎರಡು ಹೊಸ್ತಿಲು

"ಗುರುಗಳೇ, ನಾಳೆಯಿಂದ ಬಾಳವ್ವನ ಖಾನಾವಳಿಯಿಂದ ರೊಟ್ಟಿ ತರಿಸುವುದನ್ನು ನಿಲ್ಲಿಸಿಬಿಡಲೇ?"

ಕೇಳಿದವನು ಮಠದ ದಾಸೋಹ ನೋಡಿಕೊಳ್ಳುವ ಶಿಷ್ಯ ಅಡಿವೆಪ್ಪ. ಕೈಯಲ್ಲಿ ಆ ದಿನದ ಪತ್ರಿಕೆ ಇತ್ತು. ಬಾಳವ್ವನ ಖಾನಾವಳಿ ಇರುವುದು ಮಠದ ಬಾಗಿಲೆದುರಿಗೇ. ಹದಿನಾಲ್ಕು ವರ್ಷದಿಂದ ಮಠಕ್ಕೆ ರೊಟ್ಟಿ ಬರುವುದು ಅಲ್ಲಿಂದಲೇ. ಮಠ ಕೈಬಿಟ್ಟರೆ ಅವಳ ಒಲೆ ಆರಿದಂತೆ.

"ಯಾಕೆ?" ಎಂದರು ಗುರುಗಳು.

"ಪಲ್ಯದಲ್ಲಿ ಹುಳು ಸಿಕ್ಕಿತೆಂದು ಯಾರೋ ಜಾಲತಾಣದಲ್ಲಿ ಬರೆದಿದ್ದಾರೆ. ಸಾವಿರಾರು ಜನ ಅದನ್ನು ಹಂಚಿಕೊಂಡಿದ್ದಾರೆ. ಇವತ್ತು ಪತ್ರಿಕೆಯಲ್ಲೂ ಬಂದಿದೆ. ‘ಖಾನಾವಳಿ ಪಲ್ಯದಲ್ಲಿ ಹುಳು: ನೆಟ್ಟಿಗರ ಆಕ್ರೋಶ.’"

ಗುರುಗಳು ಪತ್ರಿಕೆ ಇಸಿದುಕೊಂಡು ಓದಿದರು. ಯಾರು ಯಾರು ಏನೇನು ಬೈದರು ಎಂಬುದೆಲ್ಲ ಅದರಲ್ಲಿತ್ತು. ಬಾಳವ್ವನ ಮಾತು ಒಂದೂ ಇರಲಿಲ್ಲ. ಅವರ ಮುಖ ಕೆಂಪಾಯಿತು.

"ಕೂತುಕೋ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಡಂಗುರ ಸಾರುವವನೊಬ್ಬನಿದ್ದ. ಅವನ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಯಾರ ಮೇಲಾದರೂ ದೂರು ಬಂದರೆ ಮೊದಲು ದೂರಿದವನ ಹೊಸ್ತಿಲ ಮುಂದೆ ನಿಂತು ಕೇಳಬೇಕು, ಆಮೇಲೆ ದೂರು ಹೊತ್ತವನ ಹೊಸ್ತಿಲ ಮುಂದೆ ನಿಂತು ಕೇಳಬೇಕು. ಎರಡು ಹೊಸ್ತಿಲು ನೋಡದೆ ಡಂಗುರದ ಕೋಲು ಎತ್ತಬಾರದು.

ಅವನ ಅಜ್ಜ, ಅಪ್ಪ ಹಾಗೆಯೇ ಬಾಳಿದರು. ಇವನಿಗೆ ಹೊಸ್ತಿಲಿಂದ ಹೊಸ್ತಿಲಿಗೆ ಅಲೆಯುವುದೆಂದರೆ ಬೇಸರ. ಬೆಳಗಾದರೆ ಊರ ಮುಂದಿನ ಕಟ್ಟೆಯ ಮೇಲೆ ಜನ ಕೂತು ಯಾರನ್ನಾದರೂ ಬೈಯುತ್ತಿದ್ದರು. ಅಲ್ಲೇ ಪಕ್ಕದಲ್ಲಿ ಕೂತರೆ ದಿನಕ್ಕೆ ಹತ್ತು ಸುದ್ದಿ ಸಿಗುತ್ತದೆ, ಕಾಲೂ ನೋಯುವುದಿಲ್ಲ ಎಂದು ಅವನಿಗೆ ಹೊಳೆಯಿತು. ಅಂದಿನಿಂದ ಅಲ್ಲೇ ಠಿಕಾಣಿ. ಒಬ್ಬನಿಗೆ ಮಜ್ಜಿಗೆ ಹುಳಿಯಾಯಿತಂತೆ, ಡಂಗುರ. ಇನ್ನೊಬ್ಬನಿಗೆ ದರ್ಜಿ ಅಂಗಿ ತಡಮಾಡಿದನಂತೆ, ಅದಕ್ಕೂ ಡಂಗುರ. ತಮ್ಮ ಗೊಣಗಾಟ ಬೀದಿಬೀದಿಯಲ್ಲಿ ಕೇಳಿ ಜನಕ್ಕೂ ಹಿಗ್ಗು. ಮಾರನೆಯ ದಿನ ಇನ್ನಷ್ಟು ಜೋರಾಗಿ ಗೊಣಗಿದರು. ಕೆರೆಯ ತೂಬು ಒಡೆದು ಮೂರು ದಿನವಾಗಿತ್ತು. ಅದನ್ನು ಸಾರುವವರು ಯಾರೂ ಇರಲಿಲ್ಲ.

ಆ ಊರಲ್ಲಿ ಒಬ್ಬ ಕುಂಬಾರ. ಮಳೆಗಾಲದಲ್ಲಿ ಹಸಿ ಮಡಕೆ ಒಣಗುವುದಿಲ್ಲ. ಮಳೆಗೆ ಮುಂಚಿನ ಕೊನೆಯ ಸಂತೆಯಲ್ಲಿ ಮಾರಿದ್ದರಲ್ಲೇ ಅವನ ಮನೆಯವರು ನಾಲ್ಕು ತಿಂಗಳು ಉಣ್ಣಬೇಕು.

ಆ ಸಂತೆಗೆ ಎರಡು ದಿನ ಮುಂಚೆ ಒಬ್ಬ ವ್ಯಾಪಾರಿ ಅವನಿಂದ ಒಂದು ಮಡಕೆ ಕೊಂಡ. ಹೆಂಡತಿ ತವರಿಗೆ ಹೋಗಿದ್ದಳು. ಇವನು ಅಡುಗೆಮನೆ ಕಂಡವನಲ್ಲ. ಹೊಸ ಮಡಕೆಯನ್ನು ಒಂದು ದಿನ ನೀರಲ್ಲಿ ನೆನೆಸಬೇಕು, ಸಣ್ಣ ಉರಿಯಲ್ಲಿ ಗಂಜಿ ಕಾಯಿಸಿ ಪಳಗಿಸಬೇಕು, ಆಮೇಲೆ ಅಡುಗೆಗೆ ಇಡಬೇಕು. ಕುಂಬಾರ ಹೇಳಿಯೂ ಇದ್ದ. ಈ ಮಹಾರಾಯ ಕೇಳಿಸಿಕೊಂಡರೆ ತಾನೆ? ಒಣ ಮಡಕೆಯನ್ನು ತಂದವನೇ ಧಗಧಗ ಉರಿಯುವ ಒಲೆಯ ಮೇಲೆ ಇಟ್ಟ. ಮಡಕೆ ಸೀಳಿತು, ಸಾರು ಬೂದಿ ಪಾಲಾಯಿತು.

ಹಸಿದ ಹೊಟ್ಟೆಯಲ್ಲಿ ಕಟ್ಟೆಗೆ ಬಂದು, ಕುಂಬಾರ ಬೇಯದ ಮಣ್ಣು ಮಾರುತ್ತಾನೆ ಎಂದು ಬೊಬ್ಬೆ ಹಾಕಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ, ಹೌದು ಹೌದು ಎಂದರು. ಹತ್ತು ವರ್ಷದ ಹಿಂದೆ ತಮ್ಮ ಕೈಜಾರಿ ಒಡೆದ ಮಡಕೆಯೂ ಅವರಿಗೆ ನೆನಪಾಯಿತು. ಡಂಗುರ ಏಳೂರು ಸುತ್ತಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆ ಮಡಕೆಯನ್ನು ಮುಟ್ಟಲೂ ಇಲ್ಲ.

ಕುಂಬಾರ ಡಂಗುರದವನ ಬಳಿಗೆ ಓಡಿಬಂದ. "ನನ್ನ ಮನೆ ನಿನಗೆ ಗೊತ್ತಿಲ್ಲವೇನಣ್ಣ? ಬಂದು ಒಂದು ಮಾತು ಕೇಳಬಾರದಿತ್ತೇ?"

"ನಿನ್ನ ಮಡಕೆ ಕೆಟ್ಟದ್ದೆಂದು ನಾನೆಲ್ಲಿ ಸಾರಿದೆ? ಕೆಟ್ಟದ್ದೆಂದು ಅವನು ಹೇಳುತ್ತಾನೆ ಎಂದು ಸಾರಿದೆ. ಅವನು ಹಾಗೆ ಹೇಳಿದ್ದು ನಿಜ ತಾನೆ?"

ನುಣುಪು ನೋಡು ಮಾತಿನದು. ಅವನ ಬಾಯಿಗೆ ಹುಳ ಬೀಳಲಿ ಎನ್ನಬೇಕೆನಿಸುತ್ತದೆ ನನಗೆ. ಕಾವಿ ಉಟ್ಟಿದ್ದೇನೆಂದು ಸುಮ್ಮನಿದ್ದೇನೆ.

"ಹಾಗಾದರೆ ನಾನು ಹೇಳುವುದನ್ನೂ ಸಾರು" ಎಂದ ಕುಂಬಾರ.

"ನಾಳೆ ಕಟ್ಟೆಗೆ ಬಾ. ನಾಲ್ಕು ಜನ ತಿರುಗಿ ನೋಡುವಂತೆ ಬೈದು ಹೇಳು. ಮೆತ್ತಗೆ ಹೇಳಿದ್ದನ್ನು ಯಾರು ಕೇಳುತ್ತಾರೆ?"

ಕುಂಬಾರನಿಗೆ ಬೈಯುವುದು ಬರುತ್ತಿರಲಿಲ್ಲ. ಸಂತೆಯಲ್ಲಿ ಗಾಡಿ ತುಂಬ ಮಡಕೆ ಇಟ್ಟುಕೊಂಡು ಸಂಜೆಯವರೆಗೆ ಕೂತ. ಜನ ಬಂದರು, ಬೆರಳಿನಿಂದ ತಟ್ಟಿ ನೋಡಿದರು, ನಕ್ಕು ಮುಂದೆ ಹೋದರು. ಒಂದೂ ಮಾರಲಿಲ್ಲ. ಎಂಟು ದಿನಕ್ಕೆ ಅವನು ಮಡಕೆ ತಿರುಗಿಸುವ ತಿಗರಿಯನ್ನು ಅದೇ ಗಾಡಿಗೆ ಹೇರಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ.

ಆಮೇಲೆ ವ್ಯಾಪಾರಿಯ ಹೆಂಡತಿ ತವರಿನಿಂದ ಬಂದಳು. ಒಲೆಯ ಪಕ್ಕದ ಚೂರುಗಳನ್ನು ನೋಡಿ, "ಇದನ್ನು ಪಳಗಿಸಿದ್ದಿರಾ?" ಎಂದು ಕೇಳಿದಳು. ಅವನಿಗೆ ಆಗ ಕುಂಬಾರನ ಮಾತು ನೆನಪಾಯಿತು. ತಲೆ ಕೆರೆದುಕೊಂಡು ನಕ್ಕ. ಅದನ್ನು ಅವನು ಕಟ್ಟೆಯಲ್ಲಿ ಹೇಳಲಿಲ್ಲ. ಹೇಳಿದ್ದರೂ ಅದು ದೂರಲ್ಲವಲ್ಲ, ಡಂಗುರದವನಿಗೆ ಬೇಕಾಗುತ್ತಿರಲಿಲ್ಲ.

ಈಗ ಆ ಊರಿನವರು ಒಂದು ಮಡಕೆಗೆ ಎರಡು ಹರದಾರಿ ನಡೆಯುತ್ತಾರೆ. ನಮ್ಮೂರಲ್ಲಿ ಕುಂಬಾರನೇ ಇಲ್ಲ ಎಂದು ಕಟ್ಟೆಯ ಮೇಲೆ ಕೂತು ಗೊಣಗುತ್ತಾರೆ. ಅದಕ್ಕೂ ಡಂಗುರ.

ಗುರುಗಳು ಪತ್ರಿಕೆಯನ್ನು ಮಡಚಿ ಶಿಷ್ಯನ ಕೈಗಿಟ್ಟರು.

ಅಡಿವೆಪ್ಪ ಅಳುಕುತ್ತಲೇ ಕೇಳಿದ, "ಹಾಗಾದರೆ ಹುಳು ಸಿಕ್ಕಿದ್ದು ಸುಳ್ಳೇ, ಗುರುಗಳೇ?"

"ನಿಜವೂ ಇರಬಹುದು. ಬಾಳವ್ವನ ಹೊಸ್ತಿಲು ಇಲ್ಲಿಂದ ಎಷ್ಟು ಹೆಜ್ಜೆ, ಹೇಳು."

ಅಡಿವೆಪ್ಪ ಬಾಗಿಲಾಚೆ ನೋಡಿದ. ಪತ್ರಿಕೆಯನ್ನು ಅಲ್ಲೇ ಇಟ್ಟು ಎದ್ದು ಹೊರಟ.