ಹಿಂದಿನ ಚಕ್ರದ ಬುಷ್

ಶಿವಪುತ್ರ ಮಠಕ್ಕೆ ಬಂದದ್ದು ಸಿಟ್ಟು ಬಿಡಲಿಕ್ಕೆ.

ಗದಗಿನಲ್ಲಿ ಅವನದೊಂದು ಗ್ಯಾರೇಜು ಇತ್ತು. ಒಂದು ದಿನ ಗಿರಾಕಿಯ ಮೇಲೆ ಸ್ಪ್ಯಾನರ್ ಎಸೆದ. ಅದು ತಾಗಲಿಲ್ಲ. ಆದರೆ ತಾಗಲಿ ಎಂದೇ ಎಸೆದದ್ದು ಅವನಿಗೆ ಗೊತ್ತಿತ್ತು. ಗ್ಯಾರೇಜಿಗೆ ಬೀಗ ಹಾಕಿ ಮಲಪ್ರಭೆಯ ದಂಡೆಯ ಮಠಕ್ಕೆ ಬಂದ, ಅಲ್ಲಿನ ಸ್ವಾಮಿಗಳಾದ ಅಜ್ಜಾರ ಕಾಲು ಹಿಡಿದ.

ನಸುಕಿನಲ್ಲಿ ಹೊಳೆಯ ಕಡೆಯ ಕೋಣೆಯ ಬಾಗಿಲು ಹಾಕಿಕೊಂಡು ಕೂಡುತ್ತಿದ್ದ. ಇವತ್ತು ಸಿಟ್ಟಾಗುವುದಿಲ್ಲ ಎಂದು ಸಂಕಲ್ಪ ಮಾಡುತ್ತಿದ್ದ. ಮಧ್ಯಾಹ್ನದೊಳಗೆ ಅಡಿಗೆಯ ದ್ಯಾಮವ್ವನ ಕೂಡ ಜಗಳ ಆಗಿಯೇ ಇರುತ್ತಿತ್ತು.

ಹೀಗಿರುವಾಗ ವೈಜಯಂತಿಯ ಕಾರು ಮಠದ ಮುಂದಿನ ತಗ್ಗಿನಲ್ಲಿ ಕೂತಿತು.

ವೈಜಯಂತಿ ಅಜ್ಜಾರ ಭಕ್ತೆ, ಕಾರಿನ ರೇಸುಗಳಲ್ಲಿ ಓಡಿಸುವವಳು. ಕೆಂಪು ಸ್ಪೋರ್ಟ್ಸ್ ಕಾರು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ಹಚ್ಚಿದಂತೆ ತಗ್ಗು. ಘಟ್ಟ ಇಳಿದು ಕಾರವಾರಕ್ಕೆ ಹೊರಟಿದ್ದಳು. ಹಿಂದಿನ ಸ್ಪ್ರಿಂಗ್ ಮುರಿದಿತ್ತು.

"ಶಿವಪುತ್ರಾ, ನೋಡು," ಎಂದರು ಅಜ್ಜಾರು.

"ಅದನ್ನೆಲ್ಲಾ ಬಿಟ್ಟು ಬಂದೀನ್ರಿ ಅಜ್ಜಾರ."

"ಬಿಟ್ಟಿಯೋ ಇಲ್ಲೋ, ಅದನ್ನೂ ನೋಡು."

ಹುಬ್ಬಳ್ಳಿಯಿಂದ ಹೊಸ ಸ್ಪ್ರಿಂಗ್ ಬಂತು. ಅದನ್ನು ಕೂಡಿಸಲು ಚಕ್ರವನ್ನು ಗಾಡಿಗೆ ಹಿಡಿದಿಡುವ ಕಬ್ಬಿಣದ ತೋಳನ್ನು ಕಳಚಬೇಕು. ತೋಳಿನ ಬೋಲ್ಟ್ ತುಕ್ಕು ಹಿಡಿದು ಕೂತಿತ್ತು. ಎಣ್ಣೆ ಬಿಟ್ಟ, ಬಡಿದ, ಬೈದ. ಅದು ಅಲುಗಲಿಲ್ಲ. ಒಂದು ರಾತ್ರಿ ಎಣ್ಣೆಯಲ್ಲಿ ನೆನೆಯಲು ಬಿಟ್ಟಿದ್ದರೆ ಸಾಕಿತ್ತು. ಶಿವಪುತ್ರ ಗ್ಯಾಸಿನ ಉರಿ ಹಿಡಿದ.

ಬೋಲ್ಟ್ ಬಂತು. ಅದರ ಕೂಡ ಸುಟ್ಟ ರಬ್ಬರಿನ ವಾಸನೆಯೂ ಬಂತು.

ತೋಳಿನ ತುದಿಯಲ್ಲಿ ಬುಷ್ ಇರುತ್ತದೆ. ಎರಡು ಕಬ್ಬಿಣದ ಬಳೆಗಳ ನಡುವೆ ಅಂಟಿಸಿದ ರಬ್ಬರು. ಚಕ್ರ ಮೇಲೆ ಕೆಳಗೆ ಆಡುವುದು, ನೆಟ್ಟಗೆ ಉರುಳುವುದು, ಎಲ್ಲ ಅದರ ಆಸರೆಯಲ್ಲೇ. ಅದೀಗ ಕರಗಿ ಜೋತಿತ್ತು.

ಶಿವಪುತ್ರ ಮೇಲೆ ಕರಿ ಗ್ರೀಸ್ ಬಳಿದ, ಸ್ಪ್ರಿಂಗ್ ಕೂಡಿಸಿದ, ಕೈ ಒರೆಸಿಕೊಂಡ.

"ಆತೇನು?" ಎಂದರು ಅಜ್ಜಾರು.

"ಆತ್ರಿ."

"ಹಂಗಾರ ನಡಿ, ಸೇತುವಿತನಕ ಹೋಗಿ ಬರೂಣು. ನೀ ಹೊಡಿ, ನಾ ಬಾಜೂಕ ಕೂಡ್ತೀನಿ."

ಮಠ ಕಣ್ಮರೆಯಾಗುವ ಮೊದಲೇ ಶಿವಪುತ್ರ ಗಾಡಿ ನಿಲ್ಲಿಸಿದ.

"ಯಾಕೋ?"

"ಮುಂದ ತಿರುವು ಅದ ರೀ."

"ಇದ್ರೇನಾತು? ಆಕಿ ಘಟ್ಟಾ ಇಳಿಯಾಕಿ. ಎಷ್ಟು ತಿರುವು ಇರ್ತಾವ."

ಶಿವಪುತ್ರ ಇಂಜಿನ್ ಆರಿಸಿದ.

"ಬುಷ್ ಸುಟ್ಟೀನ್ರಿ ಅಜ್ಜಾರ. ಮುಚ್ಚಿ ಹಾಕೀನಿ."

ಅಜ್ಜಾರು ಇಳಿದು ನಡೆದುಕೊಂಡೇ ಮಠಕ್ಕೆ ಹೋದರು.

ಅವನು ವೈಜಯಂತಿಗೂ ಅದನ್ನೇ ಹೇಳಿದ. ಅವಳು ಅವನನ್ನು ದಿಟ್ಟಿಸಿದಳು, ಆಮೇಲೆ ಹೊಸ ಬುಷ್ ತರಿಸಿದಳು.

ಸುಟ್ಟದ್ದನ್ನು ಕಿತ್ತು ಹೊಸದನ್ನು ಒತ್ತಿ ಕೂಡಿಸುವಷ್ಟರಲ್ಲಿ ಶಿವಪುತ್ರನ ಬೆರಳ ಚರ್ಮ ಸುಲಿದಿತ್ತು. ಜಾಕಿನ ಮೇಲೆ ಗಾಡಿ, ಗಾಳಿಯಲ್ಲಿ ಜೋತ ಚಕ್ರ. ಹಾಗೆಯೇ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬೋಲ್ಟ್ ಬಿಗಿದ. ಇನ್ನು ಅಲುಗುವುದು ಹೇಗೆ ನೋಡೋಣ, ಎಂದ.

ವೈಜಯಂತಿ ಹೊರಟಳು. ವಾರ ಕಳೆಯುವುದರೊಳಗೆ ತಿರುಗಿ ಬಂದಳು.

"ಅಣ್ಣಾ, ಗಾಡಿ ಬಾಲ ಅಲ್ಲಾಡಸಾಕತ್ತೇತಿ. ಘಟ್ಟದ ಮ್ಯಾಲಿಂದ ಹೊಳ್ಳಿ ಬಂದೆ. ಒಂದು ತಿರುವಿನ್ಯಾಗ ಹಿಂದಿನ ಗಾಲಿ ತನ್ನ ದಾರಿ ಹಿಡೀತು. ಕಂದಕ ಗೇಣು ದೂರ ಇತ್ತು."

ಶಿವಪುತ್ರ ಗಾಡಿ ಎತ್ತಿ ನೋಡಿದ. ಹೊಸ ರಬ್ಬರು ಸುತ್ತಲೂ ಹರಿದಿತ್ತು.

ಅವನ ತಲೆ ಕೆಟ್ಟಿತು. ಬುಷ್ ಮಾಡಿದವನನ್ನು ಬೈದ, ಮಾರಿದವನನ್ನು ಬೈದ, ಇಷ್ಟು ತಗ್ಗಿನ ಕಾರು ತಂದ ವೈಜಯಂತಿಯನ್ನು ಬೈದ. ಊಟಕ್ಕೆ ಕರೆಯಲು ಬಂದ ದ್ಯಾಮವ್ವನನ್ನೂ ಬಿಡಲಿಲ್ಲ. ಕೊನೆಗೆ ಅಜ್ಜಾರ ಮುಂದೆ ಹೋಗಿ ನಿಂತ.

"ನನ್ನ ಕೈಲೆ ಆಗಂಗಿಲ್ರಿ! ಇದಕ್ಕಿಂತ ಎಷ್ಟು ಬಿಗೀಬೇಕು? ನೀವ ಹೇಳ್ರಿ!"

"ಕೈ ತಾ," ಎಂದರು ಅಜ್ಜಾರು.

ಜೋತುಬಿದ್ದ ಅವನ ಕೈಯನ್ನು ಮೊಳಕೈ ಕೆಳಗೆ ಗಟ್ಟಿಯಾಗಿ ಹಿಡಿದರು. ಮುದಿ ಕೈಗೆ ಇಷ್ಟು ಬಲ ಎಲ್ಲಿಂದ ಬಂತೋ.

"ಈಗ ತಿರುವು."

ಶಿವಪುತ್ರ ತಿರುವಿದ. ಹಿಡಿತ ಸಡಿಲಾಗಲಿಲ್ಲ. ಚರ್ಮ ಹಿಂಡಿದಂತಾಯಿತು.

"ಉರೀತದ ರೀ, ಬಿಡ್ರಿ!"

ಅಜ್ಜಾರು ಬಿಟ್ಟರು.

ಶಿವಪುತ್ರ ಕೆಂಪಾದ ಕೈಯನ್ನು ನೋಡುತ್ತ ನಿಂತ. ಅವನಿಗೆ ಕಸುಬು ಕಲಿಸಿದ ಮೇಸ್ತ್ರಿ ಮೊದಲೇ ಹೇಳಿದ್ದ ಮಾತದು. ಜೋತ ಚಕ್ರಕ್ಕೆ ಬೋಲ್ಟ್ ಬಿಗಿಯಬಾರದು. ಗಾಡಿ ಇಳಿಸಿದರೆ ತೋಳು ಮೇಲೇರುತ್ತದೆ, ರಬ್ಬರು ತಿರುಚಿ ಹರಿಯುತ್ತದೆ. ಭಾರ ಬೀಳಬೇಕು, ಆಮೇಲೆ ಬಿಗಿಯಬೇಕು. ಮರೆತಿರಲಿಲ್ಲ. ನೆಲಕ್ಕೆ ಇಳಿಸಿದ ಮೇಲೆ ಆ ಕಾರಿನ ಕೆಳಗೆ ಮೈ ತೂರುವುದಿಲ್ಲ ಎಂದು ಬೇಸರಪಟ್ಟಿದ್ದ, ಅಷ್ಟೆ.

ಇನ್ನೊಂದು ಬುಷ್ ಬಂತು.

ಈ ಸಲ ಹೊಳೆಯ ಮೆಟ್ಟಿಲಿನ ಬಳಿ ಬಿದ್ದಿದ್ದ ಚಪ್ಪಡಿ ಕಲ್ಲುಗಳನ್ನು ಹೊತ್ತು ತಂದ. ನಾಲ್ಕೂ ಚಕ್ರಗಳ ಕೆಳಗೆ ಒಟ್ಟಿ, ಗಾಡಿಯನ್ನು ಅವುಗಳ ಮೇಲೆ ನಿಲ್ಲಿಸಿದ. ಓಡುವಾಗಿನ ಭಾರವೇ ಇರಲಿ ಎಂದು ವೈಜಯಂತಿಯನ್ನು ಸ್ಟೇರಿಂಗಿಗೆ ಕೂಡಿಸಿದ. ಇನ್ನೊಂದು ಸೀಟಿಗೆ ಬಿಡುವಾಗಿ ಸಿಕ್ಕವಳು ದ್ಯಾಮವ್ವ ಒಬ್ಬಳೇ.

ಶಿವಪುತ್ರ ಕೆಳಗೆ ತೂರಿಕೊಂಡ.

"ಲಗೂನ ಮುಗಸೋ," ಮೇಲಿನಿಂದ ದ್ಯಾಮವ್ವ ಶುರು ಮಾಡಿದಳು. "ಒಲಿ ಮ್ಯಾಗ ಬ್ಯಾಳಿ ಇಟ್ಟು ಬಂದೀನಿ. ಪಲ್ಯಾಕ್ಕ ಉಪ್ಪಿಲ್ಲಂತ ಬಾಯಿ ಮಾಡ್ತಿಯಲ್ಲ, ಒಂದು ಬೋಲ್ಟ್ ಬಿಗ್ಯಾಕ ನಿನಗ ಎಷ್ಟು ಹೊತ್ತು? ಕುಂತು ಕುಂತು ನನ್ನ ನಡಾ ಹೋತು."

ಶಿವಪುತ್ರನಿಗೆ ಬೈಗುಳ ತುಟಿಯ ತನಕ ಬಂತು. ಸ್ಪ್ಯಾನರ್ ಅರ್ಧ ಸುತ್ತಿನಲ್ಲಿತ್ತು. ಈಗ ಕೈ ಬಿಟ್ಟರೆ ಕೆಲಸ ಕೆಡುತ್ತದೆ. ಅವನು ಹಲ್ಲು ಕಚ್ಚಿ, ಮಾತು ನುಂಗಿ, ಬೋಲ್ಟನ್ನು ಎಷ್ಟು ಬೇಕೋ ಅಷ್ಟೇ ಬಿಗಿದ.

"ಇಳೀಬೇ ಯವ್ವಾ. ಆತು."

ಕೆಳಗಿನಿಂದ ಹೊರಬಂದ ಅವನ ಮುಖ ನೋಡಿ ದ್ಯಾಮವ್ವ ಗಾಬರಿಯಾದಳು. "ಯಾಕೋ, ಆರಾಮ ಇದ್ದಿಯಿಲ್ಲೋ?"

ವೈಜಯಂತಿ ಕಾರವಾರದಿಂದ ಫೋನು ಮಾಡಿದಳು. ಘಟ್ಟದ ಉದ್ದಕ್ಕೂ ಗಾಡಿ ಹೇಳಿದ ಮಾತು ಕೇಳಿತ್ತಂತೆ.

ಶಿವಪುತ್ರ ಹಿಗ್ಗಿನಿಂದ ಅಜ್ಜಾರ ಬಳಿಗೆ ಓಡಿದ.

"ಅಜ್ಜಾರ, ನಾಳಿ ನಸುಕಿನ್ಯಾಗ ಬಾಗಲಾ ಹಾಕ್ಕೊಂಡು ಕುಂದರ್ತೀನ್ರಿ. ಸಿಟ್ಟು ಬಿಡ್ತೀನಂತ ಇನ್ನೊಮ್ಮೆ ಸಂಕಲ್ಪ ಮಾಡ್ತೀನಿ. ಈ ಸಲ ಗಟ್ಟಿಯಾಗಿ ಮಾಡ್ತೀನಿ."

"ನಸುಕಿನ್ಯಾಗ ಬ್ಯಾಡ," ಎಂದರು ಅಜ್ಜಾರು. "ಮಧ್ಯಾಹ್ನ ಅಡಿಗಿಮನಿಗೆ ಹೋಗು. ದ್ಯಾಮವ್ವ ಬೈಯಾಕತ್ತಾಗ ಮಾಡು."