ಕಾರ್ಬೊರೇಟರ್ ತೊಳೆಯುವವನ ಮೂಗು

“ಗುರುಗಳೇ, ಮೊದಲು ನೋಯುತ್ತಿದ್ದುದು ಈಗ ನೋಯುವುದಿಲ್ಲ. ಸಮಚಿತ್ತ ಎನ್ನುವುದು ಇದನ್ನೇ?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಚೆನ್ನವೀರ. ಮಠದ ಊಟದ ಮನೆಯ ಬಾಗಿಲು ನೋಡಿಕೊಳ್ಳುವುದು ಅವನ ಕೆಲಸ. ಮಾಡಿದ ಅಡುಗೆ ಖಾಲಿಯಾದ ಮೇಲೆ ಬಂದವರಿಗೆ ಊಟ ಇಲ್ಲವೆಂದು ಹೇಳಿ ಕಳಿಸಬೇಕಾಗಿತ್ತು. ಮಠ ಸೇರಿದ ಹೊಸದರಲ್ಲಿ, ಹಾಗೆ ಯಾರನ್ನಾದರೂ ಕಳಿಸಿದ ದಿನ ಅವನ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಈಗ ಹೊಟ್ಟೆ ತುಂಬ ಉಣ್ಣುತ್ತಿದ್ದ. ಮಲಗಿದ ಕೂಡಲೇ ನಿದ್ದೆಯೂ ಬರುತ್ತಿತ್ತು. ಪ್ರಶ್ನೆ ಕೇಳುವಾಗ ಅವನ ಮುಖದಲ್ಲಿ ಉತ್ತರ ಗೊತ್ತಿರುವವನ ಕಳೆಯಿತ್ತು. ಹೊಗಳಿಸಿಕೊಳ್ಳಲು ಬಂದವನನ್ನು ಗುರುಗಳು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಕತೆ ಹೇಳಿದರು.

ಹೆದ್ದಾರಿಯ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಅಂಗಡಿ ಇಟ್ಟುಕೊಂಡಿದ್ದ. ಬೈಕಿನ ಕಾರ್ಬೊರೇಟರ್ ಬಿಚ್ಚಿ ತೊಳೆಯುವುದರಲ್ಲಿ ಅವನದು ಎತ್ತಿದ ಕೈ. ಪೆಟ್ರೋಲು ಗಾಳಿಯೊಡನೆ ಬೆರೆಯುವ ಜಾಗ ಅದು. ಅದರೊಳಗಿನ ತೂತುಗಳು ಸೂಜಿಮೊನೆಯಷ್ಟು ಸಣ್ಣವು. ಅವುಗಳಲ್ಲಿ ಕಟ್ಟಿದ ಜಿಡ್ಡು ನೀರಿಗೂ ಬಿಡುವುದಿಲ್ಲ, ಸೋಪಿಗೂ ಬಿಡುವುದಿಲ್ಲ. ಅದಕ್ಕೆಂದೇ ಡಬ್ಬಿಯಲ್ಲಿ ಬರುವ ಘಾಟಿನ ಕೆಮಿಕಲ್ ಬೇಕು.

ಅವನಿಗೆ ಕೆಲಸ ಕಲಿಸಿದವನು ಮೊದಲ ದಿನವೇ ಹೇಳಿದ್ದ. “ಕೆಮಿಕಲ್ ಮುಟ್ಟೋವಾಗ ಕೈಗೆ ಗ್ಲೌಸ್ ಹಾಕು. ಶಟರ್ ಪೂರ್ತಿ ತೆಗೆದಿಡು. ತಲೆ ಸುತ್ತಿದ್ರೆ ಕೈಲಿರೋದನ್ನ ಅಲ್ಲೇ ಬಿಟ್ಟು ಹೊರಗೆ ಹೋಗು.”

ಮೊದಮೊದಲು ಮೆಕ್ಯಾನಿಕ್ ಹಾಗೆಯೇ ಮಾಡಿದ. ಆದರೆ ತೆರೆದ ಶಟರಿನಿಂದ ಗಾಳಿಯ ಜೊತೆಗೆ ಲಾರಿಗಳ ಧೂಳೂ ಒಳಗೆ ಬರುತ್ತಿತ್ತು. ತೊಳೆದಿಟ್ಟ ತೂತಿಗೆ ಒಂದು ಕಣ ಹೊಕ್ಕರೂ ಮಾಡಿದ್ದೆಲ್ಲ ದಂಡ. ಗಿರಾಕಿ ಬೈಕು ತಳ್ಳಿಕೊಂಡು ವಾಪಸು ಬಂದರೆ ಅವನಿಗೆ ತಲೆ ತಗ್ಗಿಸುವಂತಾಗುತ್ತಿತ್ತು. ಶಟರನ್ನು ಅರ್ಧ ಇಳಿಸಿದ. ಕಣ್ಣು ಉರಿಯಿತು, ತಡೆದುಕೊಂಡ. ತಲೆ ಸುತ್ತಿತು, ಅದನ್ನೂ ತಡೆದುಕೊಂಡ. ಬರಬರುತ್ತ ಉರಿ ಹೋಯಿತು, ಘಾಟೂ ಹೋಯಿತು. ಮೈ ಪಳಗಿತು ಎಂದು ಹಿಗ್ಗಿದ. ಹೊರಗೆ ಹೋಗಬೇಕಾದದ್ದು ತಲೆ ಸುತ್ತಿದರೆ ತಾನೇ? ಸುತ್ತುವುದೇ ಇಲ್ಲವಲ್ಲ. ಗ್ಲೌಸ್ ಹಾಕಿದರೆ ಸಣ್ಣ ಸ್ಕ್ರೂ ಹಿಡಿತಕ್ಕೆ ಸಿಗುವುದಿಲ್ಲವೆಂದು ಅದನ್ನೂ ಮೂಲೆಗೆ ಎಸೆದ. ಶಟರನ್ನು ನೆಲಕ್ಕೆ ಮುಟ್ಟಿಸಿ, ದೀಪ ಹಾಕಿಕೊಂಡು ಕೆಲಸಕ್ಕೆ ಕೂತ.

ಒಳ್ಳೆಯ ಹೆಸರು ಬಂತು, ಕೈತುಂಬ ಕೆಲಸ ಬಂತು. ಮಧ್ಯಾಹ್ನ ಊಟ ತರುತ್ತಿದ್ದ ಹೆಂಡತಿ ಅಲ್ಲಿಯೇ ಕೂತು ಬಿಡಿಭಾಗಗಳನ್ನು ತೊಳೆದುಕೊಡತೊಡಗಿದಳು. ಇಡೀ ದಿನ ಕಬ್ಬಿಣದ ಜೊತೆ ಗುದ್ದಾಡುವವನಿಗೆ ಮಾತಿಗೊಂದು ಜನ ಸಿಕ್ಕಂತಾಯಿತು. ಅವಳು ಪಕ್ಕದಲ್ಲಿದ್ದರೆ ಅವನಿಗೆ ಕೆಲಸ ಕೆಲಸವೆನ್ನಿಸುತ್ತಿರಲಿಲ್ಲ. ಅವಳೆಂದರೆ ಅವನಿಗೆ ಜೀವ. ಇದನ್ನು ಮರೆಯಬೇಡ, ಅವನು ಕೆಟ್ಟವನಲ್ಲ ಎಂದರು ಗುರುಗಳು.

“ರೀ, ಕಣ್ಣು ಉರೀತಿದೆ. ತಲೆ ಒಂಥರಾ ಆಗ್ತಿದೆ. ಶಟರ್ ಸ್ವಲ್ಪ ಎತ್ತಿ,” ಎಂದು ಅವಳು ಕೇಳಿದಳು.

“ನಂಗೂ ಮೊದ್ಲು ಹಿಂಗೇ ಆಗ್ತಿತ್ತು ಕಣೇ. ನಾಲ್ಕು ದಿನ ತಡ್ಕೊ. ಆಮೇಲೆ ಗೊತ್ತೇ ಆಗಲ್ಲ,” ಎಂದ.

ಅವಳು ನಂಬಿದಳು. ಗಂಡನಿಗೆ ಗೊತ್ತಿರದ ಕೆಲಸವೇ ಅದು? ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ತೊಳೆದಳು. ಸ್ವಲ್ಪ ಕಾಲದ ಮೇಲೆ, ಈಗ ಏನೂ ಅನ್ನಿಸುವುದಿಲ್ಲ ಎಂದಳು. ಅವನಿಗೆ ಹೆಮ್ಮೆಯೋ ಹೆಮ್ಮೆ. ನನ್ನ ಹೆಂಡತಿಯೂ ಪಳಗಿದಳು ಎಂದು ಬಂದ ಗಿರಾಕಿಗಳ ಮುಂದೆಲ್ಲ ಹೇಳಿಕೊಂಡ.

ಒಂದು ದಿನ, ವರ್ಷಗಟ್ಟಲೆ ನಿಂತೇ ಇದ್ದ ಬೈಕೊಂದು ರಿಪೇರಿಗೆ ಬಂತು. ಅದರ ಕಾರ್ಬೊರೇಟರಿನಲ್ಲಿ ಪೆಟ್ರೋಲು ಒಣಗಿ ಅಂಟು ಕಟ್ಟಿತ್ತು. ಬ್ರಷ್ಷಿನಿಂದ ಹಚ್ಚಿದ ಕೆಮಿಕಲ್ಲಿಗೆ ಅದು ಜಗ್ಗಲಿಲ್ಲ. ಮೆಕ್ಯಾನಿಕ್ ಒಂದು ಅಗಲದ ತಟ್ಟೆಗೆ ಡಬ್ಬಿಯನ್ನೇ ಸುರಿದು, ಭಾಗಗಳನ್ನು ಅದರಲ್ಲಿ ಮುಳುಗಿಸಿ, ಉಜ್ಜಲು ಹೆಂಡತಿಗೆ ಕೊಟ್ಟ. ತಾನು ಇನ್ನೊಂದು ಬೈಕನ್ನು ಓಡಿಸಿ ನೋಡಲು ಹೊರಟ. ಶಟರ್ ಪೂರ್ತಿ ಎಳೆದು ಹೋಗಿ, ಧೂಳು ಬರುತ್ತದೆ ಎಂದು ಒಳಗಿನಿಂದ ಅವಳೇ ಕೂಗಿ ಹೇಳಿದಳು. ಅವನು ಎಳೆದು ಹೋದ.

ಮರಳಿ ಬಂದಾಗ ಅವಳು ಮೇಜಿಗೆ ಹಣೆಯಿಟ್ಟು ಕೂತಿದ್ದಳು. ಬ್ರಷ್ ಇನ್ನೂ ಕೈಯಲ್ಲಿತ್ತು. ದಣಿದು ನಿದ್ದೆ ಹೋಗಿದ್ದಾಳೆ ಎಂದುಕೊಂಡ. ಎಬ್ಬಿಸಲು ಮನಸ್ಸಾಗಲಿಲ್ಲ. ಶಟರನ್ನು ಮೆಲ್ಲಗೆ ಮತ್ತೆ ಇಳಿಸಿ, ಸದ್ದಾಗದಂತೆ ಪಕ್ಕದಲ್ಲಿ ಕೂತು ಅವಳ ಪಾಲಿನ ಕೆಲಸವನ್ನು ತಾನೇ ಮಾಡಿದ. ಟೀ ಕುಡಿಯೋಣವೆಂದು ಭುಜ ಮುಟ್ಟಿದಾಗಲೇ ಗೊತ್ತಾದದ್ದು.

ಅವನ ಕೂಗು ಕೇಳಿ ಅಕ್ಕಪಕ್ಕದ ಅಂಗಡಿಯವರು ಓಡಿಬಂದು ಶಟರ್ ಎತ್ತಿದರು. ಬಂದವರು ಬಾಗಿಲಲ್ಲೇ ನಿಂತು ಕೆಮ್ಮಿದರು, ಮೂಗಿಗೆ ಬಟ್ಟೆ ಹಿಡಿದರು. “ಏನಣ್ಣ ಇದು ಘಾಟು, ಉಸಿರೇ ಕಟ್ಟುತ್ತೆ,” ಎಂದರು. ಅವನು ಹೆಂಡತಿಯನ್ನು ಎದೆಗೆ ಒತ್ತಿಕೊಂಡು, ಯಾವ ಘಾಟೂ ಇಲ್ಲ, ಒಳಗೆ ಬನ್ನಿ, ಯಾರಾದರೂ ಬನ್ನಿ ಎಂದು ಗೋಗರೆದ. ಅವನು ಸುಳ್ಳು ಹೇಳುತ್ತಿರಲಿಲ್ಲ.

ಕೊನೆಗೆ ಇಬ್ಬರು ಉಸಿರು ಬಿಗಿಹಿಡಿದು ಒಳಗೆ ನುಗ್ಗಿ ಅವಳನ್ನು ಎತ್ತಿಕೊಂಡು ಬಂದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಉಳಿದಿರಲಿಲ್ಲ. ಮೂಗಿಗೆ ತಾಗದಿದ್ದ ಮಾತ್ರಕ್ಕೆ ಅದು ಮೈಗೆ ತಾಗದೇ ಇರುತ್ತದೆಯೇ, ಶಟರ್ ತೆರೆದಿದ್ದರೆ ಬದುಕುತ್ತಿದ್ದಳು ಎಂದರು ಡಾಕ್ಟರು. ಬೇಕಾಗಿದ್ದದ್ದು ಅಷ್ಟೇ, ಒಂದಿಷ್ಟು ಗಾಳಿ. ಮೆಕ್ಯಾನಿಕ್ ಕೆಲಸವನ್ನೇ ಬಿಟ್ಟ. ಊರಿನವರು ಬಂದು ಹಣೆಬರಹ ಎಂದರು, ವಿಧಿ ಎಂದರು. ಯಾವುದೂ ಅವನನ್ನು ಮುಟ್ಟಲಿಲ್ಲ. ತಡೆದುಕೋ ಎಂದವನು ತಾನು, ತಡೆದುಕೊಂಡವಳು ಅವಳು. ಇದಕ್ಕೆ ಯಾರು ತಾನೇ ಏನು ಸಮಾಧಾನ ಹೇಳಿಯಾರು?

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕತೆ ಇಷ್ಟಕ್ಕೇ ಮುಗಿಯಬಾರದು ಎನ್ನಿಸಿತು ಚೆನ್ನವೀರನಿಗೆ. ತಾನು ತನಗಾಗಿಯೇ ಕೇಳುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು, ಗುರುಗಳಿಗೂ ಗೊತ್ತಿತ್ತು.

“ಕೆಮಿಕಲ್ ಬಿಟ್ಟ ಮೇಲಾದರೂ ಅವನ ಮೂಗು ಸರಿಹೋಯಿತೇ, ಗುರುಗಳೇ?”

“ಸರಿಹೋಯಿತಪ್ಪ, ಹೆಂಡತಿಯ ಸೀರೆ ಮಡಿಸಿಡುವಾಗ ಮೊಟ್ಟಮೊದಲು ಆ ಘಾಟೇ ತಾಗಿತು.”