ಬಾಣಂತನಕ್ಕೆ ಹೋದ ರನ್‌ವೇ

ಒಂದಾನೊಂದು ಊರಿನಲ್ಲಿ ಒಂದು ವಿಮಾನ ನಿಲ್ದಾಣ ಇತ್ತು. ಊರ ಹೆಸರು ಗಡಗಡಪುರ. ನಿಲ್ದಾಣಕ್ಕೆ ಒಂದೇ ರನ್‌ವೇ, ಒಂದೇ ವಿಮಾನ, ಒಂದೇ ಬೆಂಚು. ಬೆಂಕಿ ಸುತ್ತ ಕೂತು ಹೂಂಗುಟ್ಟುತ್ತಾ ಕೇಳಿ, ಇಲ್ಲದಿದ್ದರೆ ನಾನು ಎದ್ದು ಹೋಗುವವನೇ.

ಆ ಊರಿನ ದೊರೆ ಚಿಲಕರಾಯ. ತೆರೆದದ್ದು ಏನು ಕಂಡರೂ ಮುಚ್ಚುವುದು ಅವನ ಚಟ. ಮಂತ್ರಿ ಆಕಳಿಸಿದರೂ ಹೋಗಿ ಬಾಯಿ ಮುಚ್ಚಿಸಿ ಬರುತ್ತಿದ್ದ. ಚಳಿಗಾಲದಲ್ಲಿ ಹಿಮ ಬಿತ್ತೋ, ಅವನಿಗೆ ಹಬ್ಬ. ಬೆಳಿಗ್ಗೆ ಎದ್ದವನೇ ರನ್‌ವೇಗೆ ಹೋಗಿ ಬೆರಳಿಟ್ಟು ಅಳೆಯುತ್ತಿದ್ದ. ರನ್‌ವೇ ಮೇಲೆ ಒಂದು ಬೆರಳು ಹಿಮ ಇದ್ದರೆ ನಿಲ್ದಾಣ ಬಂದ್. ಇದು ಕಾನೂನು.

ಒಂದು ವರ್ಷ ಹಿಮ ನಾಲ್ಕು ಬೆರಳು ಬಿತ್ತು, ತಿಂಗಳಾದರೂ ಕರಗಲಿಲ್ಲ. ಗುರಸಿದ್ದವ್ವ ಅನ್ನೋ ಮುದುಕಿ ಬಂದು ಬೆಂಚಿನ ಮೇಲೆ ಕೂತಳು. ಬೆಟ್ಟದಾಚೆ ಅವಳ ಮಗಳು ಚೊಚ್ಚಲ ಬಸುರಿ, ದಿನ ತುಂಬಿತ್ತು. ತವರಿಗೆ ಕರೆತರೋಣವೆಂದರೆ ವಿಮಾನವಿಲ್ಲ. ತಾನಾದರೂ ಹೋಗೋಣವೆಂದು ಒಂದು ಕಂಬಳಿ, ಒಂದು ತಂಬಿಗೆ ಗಂಜಿ ಹಿಡಿದು ಬಂದಿದ್ದಳು. ತಾನು ಹೋಗಿ ಮುಟ್ಟುವ ಮೊದಲೇ ನೋವು ಬಂದರೆ ಮಗಳ ಗತಿ ಏನು ಅಂತ ಅವಳ ಜೀವ ಹೊಡೆದುಕೊಳ್ಳುತ್ತಿತ್ತು.

ಹಿಮ ಹೋದ ಮೇಲೆ ವಿಮಾನ ಅಂದ ಚಿಲಕರಾಯ. ಸರಿ, ಯಾವಾಗ ಹೋಗುತ್ತೀ ಅಂತ ಅವಳು ಹಿಮವನ್ನೇ ಕೇಳಿದಳು. ಹಿಮ ಪಾಪ ಮರ್ಯಾದಸ್ಥ. ನನಗೂ ಇಲ್ಲಿ ಬೇಸರ ಬಂದಿದೆ, ಟಿಕೆಟ್ ತೆಗೆಸಿಯೇ ಕೂತಿದ್ದೇನೆ, ವಿಮಾನ ಹೊರಟರೆ ನಾನೂ ಹೊರಟೆ ಅಂದಿತು. ಹಿಮ ಹೋಗದೆ ವಿಮಾನ ಹೊರಡದು, ವಿಮಾನ ಹೊರಡದೆ ಹಿಮ ಹೋಗದು. ಚಿಲಕರಾಯನಿಗೆ ಹಾಲು ಕುಡಿದಷ್ಟು ಸಂತೋಷ.

ಗುರಸಿದ್ದವ್ವ ಎಮ್ಮೆ ಸಾಕಿದ ಹೆಂಗಸು. ಚಳಿಗೆ ಮಲಗಿದ ಎಮ್ಮೆಯನ್ನು ಅಳೆಯುತ್ತಾ ಕೂತರೆ ಅದು ಏಳುತ್ತದೆಯೇ? ನೆಟ್ಟಗೆ ರನ್‌ವೇ ತಲೆಯ ಕಡೆ ಹೋಗಿ ಕೂತಳು.

“ಚಳಿ ಆಗೇತೇನಪ್ಪಾ?” ಅಂದಳು.

ರನ್‌ವೇ ಹಿಮದೊಳಗಿಂದ ತಲೆ ಎತ್ತಿತು. “ಇಷ್ಟು ವರ್ಷ ಎಲ್ಲಾರೂ ಹಿಮ ಎಷ್ಟೈತಿ ಅಂತ ಕೇಳಿದರವ್ವ. ನನಗ ಹೆಂಗೈತಿ ಅಂತ ಯಾರೂ ಕೇಳಲಿಲ್ಲ” ಅಂದು ಅತ್ತುಬಿಟ್ಟಿತು.

ಅವಳು ಗಂಜಿ ಕುಡಿಸಿದಳು. ಬೆನ್ನು ತಿಕ್ಕಿ ಕಂಬಳಿ ಹೊದಿಸಿದಳು. ಕಂಬಳಿ ನಾಲ್ಕು ಮೊಳ, ರನ್‌ವೇ ಒಂದು ಮೈಲಿ. ಸಾಕಾಯಿತೇ ಅಂತ ಕೇಳಬೇಡಿ, ಸಾಕಾಯಿತು. ಮೈ ಬೆಚ್ಚಗಾದದ್ದೇ ರನ್‌ವೇ ಎದ್ದು ನಿಂತು ಮೈ ಕೊಡವಿತು. ಹಿಮವೆಲ್ಲ ಪಕ್ಕಕ್ಕೆ ಬಿತ್ತು.

ಚಿಲಕರಾಯ ಓಡಿ ಬಂದು ಬೆರಳಿಟ್ಟು ನೋಡಿದ. ಹಿಮ ಇಲ್ಲ. ಆದರೆ ಕಂಬಳಿ ಇದೆ, ಅದೂ ಒಂದು ಬೆರಳು ದಪ್ಪ. ಆದ್ದರಿಂದ ಬಂದ್ ಅಂದ. ಇಂಥವನ ಹತ್ತಿರ ಏನು ಮಾತಾಡೋದು?

“ಹತ್ತವ್ವ. ಕೂಸು ಕಾಯೂದಿಲ್ಲ” ಅಂದಿತು ರನ್‌ವೇ.

ಮುದುಕಿ ಹತ್ತಿ ಕೂತಳು. ರನ್‌ವೇ ನಡೆಯುತ್ತಾ ಬೆಟ್ಟ ದಾಟಿತು. ಅದರ ತಲೆ ಮಗಳ ಮನೆ ಬಾಗಿಲಿಗೆ ಬಂದಾಗ ಬಾಲ ಇನ್ನೂ ಆ ಊರ ಹೊರಗಿತ್ತು. ಮಗಳಿಗೆ ಆಗ ತಾನೇ ನೋವು ಶುರುವಾಗಿತ್ತು. ಗುರಸಿದ್ದವ್ವ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಹೆಣ್ಣು ಕೂಸು ಹುಟ್ಟಿತು. ರನ್‌ವೇ ಅಲ್ಲೇ ನಿಂತು ಬಿಸಿನೀರು ಕಾಯಿಸಿತು, ತೊಟ್ಟಿಲು ತೂಗಿತು, ವಾಪಸು ಹೋಗುವ ಮಾತೇ ಎತ್ತಲಿಲ್ಲ.

ಇತ್ತ ಚಿಲಕರಾಯ ಬೆಳಿಗ್ಗೆ ಅಳೆಯಲು ಹೋದ. ರನ್‌ವೇಯೇ ಇಲ್ಲ. ರನ್‌ವೇ ಇಲ್ಲದ ಮೇಲೆ ರನ್‌ವೇ ಮೇಲೆ ಹಿಮ ಎಲ್ಲಿಯದು? ಹಿಮ ಇಲ್ಲದ ಮೇಲೆ ಬಂದ್ ಮಾಡುವ ಹಾಗಿಲ್ಲ. ಅಂದಿನಿಂದ ಗಡಗಡಪುರದ ನಿಲ್ದಾಣ ವರ್ಷವಿಡೀ ತೆರೆದೇ ಇದೆ. ದೊರೆಯೇ ಬಾಗಿಲಲ್ಲಿ ನಿಂತು ಎಲ್ಲರನ್ನೂ ಬನ್ನಿ ಬನ್ನಿ ಅನ್ನುತ್ತಾನೆ. ಒಂದು ವಿಮಾನವೂ ಹಾರಿಲ್ಲ.

ನೀತಿ ಏನಪ್ಪಾ ಅಂದರೆ, ಊರಿಗೆ ಒಂದೇ ರನ್‌ವೇ ಇದ್ದರೆ ಅದರ ಹತ್ತಿರ ನಯವಾಗಿ ಮಾತಾಡಿ. ಅವರು ಅಲ್ಲಿ ಬೆಚ್ಚಗೆ, ನಾವು ಇಲ್ಲಿ ಬೆಚ್ಚಗೆ. ಬೆಂಕಿ ಆರಿಸಿ ಏಳಿ.